ಮತ್ತೆ ಮತ್ತೆ ಆಸ್ಪತ್ರೆಗೆ ಬರುವವಳು

ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ಕೋಣೆಯಲ್ಲಿ, ಅಂದರೆ ನಾವೆಲ್ಲ ಕ್ಯಾಷುವಾಲ್ಟಿ ಎಂದು ಕರೆಯುವ ಜಾಗದಲ್ಲಿ, ಒಂದು ಬಗೆಯ ರೋಗಿಯನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಹಾವು ಕಚ್ಚಿದವನನ್ನು ಹೊತ್ತು ತಂದರೆ ಎಲ್ಲರೂ ಓಡಿ ಬರುತ್ತಾರೆ. ತೆಂಗಿನ ಮರದಿಂದ ಬಿದ್ದವನಿಗೆ, ಬೈಕಿನಿಂದ ಬಿದ್ದವನಿಗೆ ದಾರಿ ಬಿಡುತ್ತಾರೆ. ಆದರೆ ಹೋದ ತಿಂಗಳು ಬಂದು ಹೋದ ಹೆಂಗಸು ಈ ತಿಂಗಳೂ ಬಂದು ಬೆಂಚಿನ ಮೇಲೆ ಕೂತರೆ, "ಇವಳು ಮತ್ತೆ ಬಂದಳು" ಎಂಬ ಮಾತು ಅವಳಿಗೆ ಕೇಳಿಸುವ ಹಾಗೆಯೇ ಬರುತ್ತದೆ. ಒಮ್ಮೆ ಕಿವಿಯಲ್ಲಿ ರಕ್ತ. ಇನ್ನೊಮ್ಮೆ ಮಣಿಕಟ್ಟು ಊದಿಕೊಂಡಿದೆ. ಮತ್ತೊಮ್ಮೆ ಮೈಮೇಲೆ ಗಾಯವೇ ಇಲ್ಲ, ಎದೆ ಹಿಡಿದುಕೊಂಡು ಉಸಿರು ಕಟ್ಟುತ್ತದೆ ಎನ್ನುತ್ತಾಳೆ. ಮೂರನೆಯ ಸಲಕ್ಕೆ ಅವಳಿಗೊಂದು ಹೆಸರು ಬೀಳುತ್ತದೆ: ನಾಟಕದವಳು, ಗೋಳಿನವಳು, ತಲೆ ಸರಿಯಿಲ್ಲದವಳು. ಒಂದು ಇಂಜೆಕ್ಷನ್, ನಾಲ್ಕು ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ. ಯಾವ ಮನೆಯಿಂದ ಬಂದಳೋ ಅದೇ ಮನೆಗೆ.

ನಾನು ಯಗಟಿ ಸುತ್ತಿನ ಹಳ್ಳಿಗಳ ಮಹಿಳಾ ಸಂಘಗಳ ಜೊತೆ ಓಡಾಡುವವಳು. ಇಂಥ ಬೆಂಚುಗಳ ಮೇಲೆ ಇಂಥ ಹೆಣ್ಣುಮಕ್ಕಳ ಪಕ್ಕದಲ್ಲಿ ಕೂತಿದ್ದೇನೆ. ಯಾವ ಆಸ್ಪತ್ರೆ, ಯಾವ ಊರಿನ ಹೆಣ್ಣು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಹೆಣ್ಣಿಗೆ ಇನ್ನೊಂದು ಪೆಟ್ಟು ಬೀಳುತ್ತದೆ, ಅಷ್ಟೇ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮತ್ತೆ ಮತ್ತೆ ಬರುವುದೇ ಅವಳ ಕಾಯಿಲೆಯ ಮುಖ್ಯ ಲಕ್ಷಣ. ಜ್ವರ ಬಂದವನ ಮೈ ಮುಟ್ಟಿ ನೋಡುವ ಹಾಗೆ, ಇವಳು ಎಷ್ಟನೆಯ ಸಲ ಬಂದಳು ಎಂದು ಎಣಿಸಿ ನೋಡಬೇಕು. ಆ ಎಣಿಕೆಯನ್ನು ಆಸ್ಪತ್ರೆ ಮಾಡುತ್ತಿಲ್ಲವಾದರೆ ಸಂಘ ಮಾಡಬೇಕು.

ಅವಳು ಆಸ್ಪತ್ರೆಗೇ ಯಾಕೆ ಬರುತ್ತಾಳೆ ಎಂದು ಯೋಚಿಸಿದ್ದೀರಾ? ರಾತ್ರಿ ಹನ್ನೊಂದು ಗಂಟೆಗೆ ಮದುವೆಯಾದ ಹೆಣ್ಣೊಬ್ಬಳು ಊರವರ ಬಾಯಿಗೆ ಬೀಳದೆ ಹೋಗಬಹುದಾದ ಸರ್ಕಾರಿ ಕಟ್ಟಡ ಅದೊಂದೇ. ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದರೆ ಗಂಡನ ಮೇಲೆ ಕಂಪ್ಲೇಂಟು ಕೊಟ್ಟವಳು ಎನ್ನುತ್ತಾರೆ. ತವರಿಗೆ ಹೋದರೆ ಬಿಟ್ಟು ಬಂದವಳು ಎನ್ನುತ್ತಾರೆ. ಆಸ್ಪತ್ರೆಗೆ ಹೋದವಳಿಗೆ ಮಾತ್ರ ಯಾವ ಬಿರುದೂ ಇಲ್ಲ, ಮೈ ಸರಿ ಇರಲಿಲ್ಲ ಎಂದರೆ ಮುಗಿಯಿತು. ಹೊಡೆದ ಗಂಡನೂ ಎಷ್ಟೋ ಸಲ ತಾನೇ ಕರೆದುಕೊಂಡು ಬರುತ್ತಾನೆ, ಏಕೆಂದರೆ ಮಾರನೆಯ ದಿನ ಕೊಟ್ಟಿಗೆ ಗುಡಿಸುವವಳು, ರೊಟ್ಟಿ ಬಡಿಯುವವಳು ಅವಳೇ ತಾನೆ! ಹೀಗೆ ಆಸ್ಪತ್ರೆಯ ಚೀಟಿ ಅವಳ ಪಾಲಿಗೆ ಅರ್ಜಿಯಾಗಿದೆ. ಆ ಅರ್ಜಿಯ ಮೇಲೆ "ಗಾಯ", "ಮೈಕೈ ನೋವು", "ನಿಶ್ಶಕ್ತಿ" ಎಂದು ಬರೆದು ಕೊಡುತ್ತಾರೆ. ಯಾರು ಹೊಡೆದರು ಎಂಬ ಜಾಗ ಖಾಲಿ ಇರುತ್ತದೆ.

ಆಸ್ಪತ್ರೆಯ ಪುಸ್ತಕ ನಮ್ಮ ಕೈಗೆ ಸಿಗುವುದಿಲ್ಲ, ನಿಜ. ಆದರೆ ನಮ್ಮ ಕೈಯಲ್ಲೇ ಇನ್ನೊಂದು ಪುಸ್ತಕ ಇದೆ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಶುರುವಾದಾಗಿನಿಂದ ನಾವು ವಾರ ವಾರ ಕೂತು ಉಳಿತಾಯ ಮತ್ತು ಸಾಲದ ಲೆಕ್ಕ ಬರೆಯುತ್ತಾ ಬಂದಿದ್ದೇವೆ. ಸಾಲದ ಪುಸ್ತಕದಲ್ಲಿ "ಕಾರಣ" ಎಂಬ ಅಂಕಣ ಇರುತ್ತದಲ್ಲ, ಅದನ್ನು ಒಂದು ದಿನ ನಿಧಾನವಾಗಿ ಓದಿ ನೋಡಿ. ಕುರಿ, ಹಸು, ಸ್ಕೂಲ್ ಫೀಸು, ನಾಮಕರಣ, ಮನೆ ರಿಪೇರಿ. ಅದರ ನಡುವೆ "ಆಸ್ಪತ್ರೆ ಖರ್ಚು". ಒಂದು ಸಲವಾದರೆ ಯಾರಿಗಾದರೂ ಬರುವುದೇ. ಒಬ್ಬಳದೇ ಹೆಸರಿನ ಮುಂದೆ ವರ್ಷದಲ್ಲಿ ಮೂರು ಸಲ, ನಾಲ್ಕು ಸಲ ಅದೇ ಮಾತು ಬಂದಿದ್ದರೆ? ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಲ್ಲ, ಡಯಾಲಿಸಿಸ್‌ನವರಿಲ್ಲ, ಹೆರಿಗೆ ಇಲ್ಲ. ಮತ್ತೆ ಆ ಐನೂರು, ಆ ಸಾವಿರ, ಆ ಎಕ್ಸ್‌ರೇ ದುಡ್ಡು ಯಾವುದಕ್ಕೆ ಹೋಯಿತು? ಅವನು ಮುರಿದ ಮೂಳೆಗೆ ಅವಳೇ ಬಡ್ಡಿ ಕಟ್ಟುತ್ತಿದ್ದಾಳೆ. ಅವಳು ಕಂತು ತಪ್ಪಿಸಿದಾಗ ಗುಂಪಿನಲ್ಲಿ ಗೊಣಗಾಟ ಏಳುತ್ತದೆ. ಕಂತು ಯಾಕೆ ತಪ್ಪಿತು ಎಂಬುದಕ್ಕೆ ಉತ್ತರ ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿದೆ.

ನಮ್ಮ ಕಡೂರು ತಾಲ್ಲೂಕು ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು ಎಂದರೆ ಹೊರಗಿನವರು ಕಾಫಿ ತೋಟ, ಮಳೆ, ಮಂಜು ಎಂದುಕೊಳ್ಳುತ್ತಾರೆ. ಯಗಟಿಯ ಕಡೆ ಬಂದು ನೋಡಲಿ. ಇದು ಬಯಲುಸೀಮೆ. ರಾಗಿ, ತೆಂಗು, ನೀರಿದ್ದವರಿಗೆ ಅಡಿಕೆ. ನೀರು ಎಂದರೆ ಬೋರ್‌ವೆಲ್. ಒಂದು ಕೊರೆಸಿದರು, ಧೂಳು ಬಂತು. ಇನ್ನೊಂದು ಕೊರೆಸಿದರು, ಎರಡು ವರ್ಷ ಬಂದು ನಿಂತಿತು. ಮೂರನೆಯದಕ್ಕೆ ದುಡ್ಡು ಎಲ್ಲಿಂದ? ಸೊಸೆಯ ತವರಿನಿಂದ! ಇಲ್ಲಿ ವರದಕ್ಷಿಣೆ ಮದುವೆ ಚಪ್ಪರದಲ್ಲಿ ಮುಗಿಯುವುದಿಲ್ಲ. ಚಪ್ಪರದಲ್ಲಿ ಅದಕ್ಕೆ ವರೋಪಚಾರ ಎನ್ನುವ ಮರ್ಯಾದಸ್ಥ ಹೆಸರು ಇರುತ್ತದೆ. ಆಮೇಲೆ ಅದು ಬೋರ್ ಆಗುತ್ತದೆ, ಪಂಪ್‌ಸೆಟ್ ಆಗುತ್ತದೆ, ಬೈಕ್ ಆಗುತ್ತದೆ, ಪಟ್ಟಣದಲ್ಲೊಂದು ಸೈಟು ಆಗುತ್ತದೆ. ತವರಿಗೆ ಹೋಗಿ ಬರಿಗೈಯಲ್ಲಿ ವಾಪಸು ಬಂದ ವಾರದಲ್ಲೇ ಅವಳು "ಜಾರಿ ಬೀಳುತ್ತಾಳೆ". 1961ರಿಂದ ವರದಕ್ಷಿಣೆ ನಿಷೇಧ ಕಾಯ್ದೆ ಇದೆ. ಅದರಲ್ಲಿ ಮದುವೆಗೆ ಮುಂಚೆ, ಮದುವೆಯಲ್ಲಿ, ಮದುವೆಯ ನಂತರ ಯಾವಾಗ ಕೇಳಿದರೂ ತಪ್ಪು ಎಂದೇ ಇದೆ.

ಜಾರಿ ಬೀಳುವುದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾವೆಲ್ಲ ಜಾರಿ ಬಿದ್ದವರೇ. ಬಚ್ಚಲಲ್ಲಿ, ಕೆರೆ ಏರಿಯಲ್ಲಿ, ಸಗಣಿ ಮೇಲೆ. ಬೀಳುವಾಗ ಮನುಷ್ಯರು ಕೈ ಊರುತ್ತಾರೆ. ಹಾಗಾಗಿ ಅಂಗೈ, ಮಂಡಿ, ಮೊಣಕೈ ತರಚುತ್ತವೆ. ತೋಳಿನ ಒಳಮಗ್ಗುಲಲ್ಲಿ ನಾಲ್ಕು ಬೆರಳಿನ ಗುರುತು ಯಾವ ಬಚ್ಚಲ ಕಲ್ಲಿನಿಂದ ಮೂಡುತ್ತದೆ? ಬೆನ್ನಿನ ಮೇಲೆ ಪಟ್ಟೆ ಯಾವ ಮೆಟ್ಟಿಲಿನದು? ಕಿವಿಯ ತಮಟೆ ಹರಿಯುವುದು ಕೆನ್ನೆಗೆ ಅಂಗೈ ಅಗಲಿಸಿ ಬಾರಿಸಿದಾಗ. ಮುಖ ಕಾಯಲು ಅಡ್ಡ ಹಿಡಿದ ಮುಂಗೈ ಮೂಳೆ ಮುರಿಯುವುದೂ ಹಾಗೇ. ಇನ್ನೊಂದು ಗುರುತು ಇದೆ. ಇಂದಿನ ಪೆಟ್ಟು ಕೆಂಪಾಗಿ, ನೀಲಿಯಾಗಿ ಕಾಣುತ್ತದೆ. ದಿನ ಕಳೆದ ಪೆಟ್ಟು ಹಸಿರಿಗೆ, ಹಳದಿಗೆ ತಿರುಗುತ್ತದೆ. ಒಂದೇ ಮೈಮೇಲೆ ನೀಲಿಯೂ ಹಳದಿಯೂ ಒಟ್ಟಿಗೆ ಇದ್ದರೆ ಅವಳು ಒಂದು ಸಲ ಬಿದ್ದವಳಲ್ಲ. ಇದನ್ನು ಓದಲು ಎಂ.ಬಿ.ಬಿ.ಎಸ್. ಬೇಕಿಲ್ಲ. ಎಂ.ಬಿ.ಬಿ.ಎಸ್. ಓದಿದವರಿಗೆ ಇದು ತಿಳಿಯದೇ ಇರುವುದಿಲ್ಲ. ಕೇಳಿದರೆ ಕೋರ್ಟಿಗೆ ಓಡಾಡಬೇಕಾದೀತು ಎಂಬ ಅಂಜಿಕೆ. ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ, ಒಳಗೆ ಒಬ್ಬರೇ ಡ್ಯೂಟಿ ಡಾಕ್ಟರು. ಅವರ ಕಷ್ಟ ನನಗೂ ಕಾಣುತ್ತದೆ. ಆದರೆ ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು?

ಎಲ್ಲ ಗಾಯಗಳಿಗಿಂತ ಹೆಚ್ಚು ಭಯಪಡಬೇಕಾದ್ದು ಕಣ್ಣಿಗೆ ಕಾಣದ ಒಂದು ಗಾಯಕ್ಕೆ. ಕುತ್ತಿಗೆ ಹಿಸುಕಿದ್ದು. ಹೊರಗೆ ಗುರುತೇ ಇಲ್ಲದಿರಬಹುದು. ಧ್ವನಿ ಒಡೆದಿರುತ್ತದೆ, ಎಂಜಲು ನುಂಗಲು ನೋಯುತ್ತದೆ, ಕಣ್ಣಲ್ಲಿ ಕೆಂಪು ಚುಕ್ಕೆ ಕಾಣಬಹುದು, ಆ ಕ್ಷಣದಲ್ಲಿ ಏನಾಯಿತೆಂದು ನೆನಪಿರುವುದಿಲ್ಲ. ಒಳಗಿನ ಊತದಿಂದ, ರಕ್ತನಾಳಕ್ಕೆ ಬಿದ್ದ ಪೆಟ್ಟಿನಿಂದ ಗಂಟೆಗಳ ನಂತರ, ದಿನಗಳ ನಂತರವೂ ಪ್ರಾಣ ಹೋಗಬಹುದು. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಹಿಂದೆ ಒಮ್ಮೆ ಗಂಡನೋ ಸಂಗಾತಿಯೋ ಕುತ್ತಿಗೆ ಹಿಸುಕಿದ್ದರೆ ಆ ಹೆಣ್ಣು ಮುಂದೆ ಅವನ ಕೈಯಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು. "ಸುಮ್ಮನೆ ಕತ್ತು ಹಿಡಿದ, ಬಿಟ್ಟ" ಎಂದು ಯಾರಾದರೂ ಸಂಘದಲ್ಲಿ ಹೇಳಿದರೆ ಅದನ್ನು ಸುಮ್ಮನೆ ಕೇಳಿ ಬಿಡಬೇಡಿ. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕುತ್ತಿಗೆ ಹಿಸುಕಿದ್ದಾನೆ ಎಂಬ ಮಾತನ್ನೇ ಡಾಕ್ಟರ ಮುಂದೆ ಹೇಳಿ.

ದೊಡ್ಡ ದೇಶಗಳಲ್ಲೂ ಇದೇ ಕಥೆ ಎಂದರೆ ನಂಬುತ್ತೀರಾ? ವರ್ಷಕ್ಕೆ ನಾಲ್ಕು ಸಲವೋ ಅದಕ್ಕಿಂತ ಹೆಚ್ಚೋ ಎಮರ್ಜೆನ್ಸಿಗೆ ಬರುವವರನ್ನು ಅಲ್ಲಿನ ಆಸ್ಪತ್ರೆಗಳಲ್ಲಿ ಬೇರೆಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅವರಿಗೆ ಹಾಸ್ಯದ ಹೆಸರೂ ಇದೆ, ಪದೇ ಪದೇ ವಿಮಾನ ಹತ್ತುವ ಗಿರಾಕಿಗಳಿಗೆ ಇಡುವ ಹೆಸರು. ಆ ಗುಂಪಿನಲ್ಲಿ ಕುಡುಕರಿರುತ್ತಾರೆ, ಮನೆ ಇಲ್ಲದವರಿರುತ್ತಾರೆ, ಉಬ್ಬಸದವರಿರುತ್ತಾರೆ. ಹೊಡೆತ ತಿಂದ ಹೆಂಗಸರೂ ಇರುತ್ತಾರೆ. ಅಮೆರಿಕದ ನ್ಯೂ ಹೇವನ್ ಎಂಬ ಪಟ್ಟಣದಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಆಸ್ಪತ್ರೆಯಿದೆ. ಆಗಿನ್ನೂ ವೈದ್ಯಕೀಯ ಓದುತ್ತಿದ್ದ ಆನ್ ಫ್ಲಿಟ್‌ಕ್ರಾಫ್ಟ್ ಎಂಬ ಹೆಣ್ಣುಮಗಳು ಮತ್ತು ಇವಾನ್ ಸ್ಟಾರ್ಕ್ ಎಂಬ ಸಮಾಜಶಾಸ್ತ್ರಜ್ಞ ಜೊತೆಗೂಡಿ ಅಲ್ಲಿ ಒಂದು ತಿಂಗಳಲ್ಲಿ ಗಾಯವೆಂದು ಬಂದ 481 ಹೆಂಗಸರ ಹಳೆಯ ಚೀಟಿಗಳನ್ನೆಲ್ಲ ತೆಗೆದು ಓದಿದರು. ವರದಿ 1979ರಲ್ಲಿ ಪ್ರಕಟವಾಯಿತು. ಡಾಕ್ಟರುಗಳು 35ರಲ್ಲಿ ಒಬ್ಬಳನ್ನು ಮಾತ್ರ ಹೊಡೆತ ತಿಂದವಳು ಎಂದು ಗುರುತಿಸಿದ್ದರು. ಚೀಟಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ಅದು ನಾಲ್ವರಲ್ಲಿ ಒಬ್ಬಳ ಹತ್ತಿರಕ್ಕೆ ಬಂತು. ಹೊಡೆತ ತಿಂದವಳಿಗೆ ನಿದ್ದೆ ಮಾತ್ರೆ, ನರದ ಮಾತ್ರೆ ಹೆಚ್ಚು ಬರೆದು ಕೊಟ್ಟಿದ್ದರು. ಅವಳ ಚೀಟಿಯ ಮೇಲೆ "ಹಿಸ್ಟೀರಿಯಾ" ಮುಂತಾದ ಮಾತುಗಳೂ ಇದ್ದವು. ನಮ್ಮ ಕಡೆಯ "ನಾಟಕದವಳು" ಎಂಬ ಮಾತು ಅಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಒಂದೊಂದು ಚೀಟಿಯಲ್ಲಿ ಕಾಣದ್ದು ಎಲ್ಲ ಚೀಟಿ ಜೋಡಿಸಿದಾಗ ಕಂಡಿತು ಎಂಬುದನ್ನು ಗಮನಿಸಿ.

ಇನ್ನು ನಮ್ಮ ರಾಜ್ಯದ ಕಥೆ. ಬೆಂಗಳೂರಿನ ವಿಮೋಚನಾ ಸಂಘಟನೆ 1979ರಿಂದ ಕೆಲಸ ಮಾಡುತ್ತಿದೆ. 1990ರ ದಶಕದಲ್ಲಿ ಅದರ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟ ಗಾಯದ ವಾರ್ಡಿಗೆ ಹೋಗಿ, ಮದುವೆಯಾದ ಹೆಂಗಸರ ಅಸಹಜ ಸಾವುಗಳ ಲೆಕ್ಕ ಹಿಡಿದರು. ಪೊಲೀಸ್ ದಾಖಲೆಗಳನ್ನು ನೋಡಿ ಅವರು ಕೊಟ್ಟ ಲೆಕ್ಕದಂತೆ 1997ರ ಒಂದೇ ವರ್ಷದಲ್ಲಿ ಬೆಂಗಳೂರಿನಲ್ಲಿ 1,133 ಹೆಂಗಸರು ಹಾಗೆ ಸತ್ತಿದ್ದರು. ಅದರಲ್ಲಿ 157 ಮಾತ್ರ ಕೊಲೆ ಎಂದು ದಾಖಲಾಗಿತ್ತು. ಇನ್ನಷ್ಟು ಆತ್ಮಹತ್ಯೆ. ಉಳಿದವು ಅಪಘಾತ. ಅಪಘಾತ ಎಂದರೆ ಬಹಳ ಕಡೆ ಸ್ಟೋವ್ ಸಿಡಿದದ್ದು, ಅಡುಗೆಮನೆಯಲ್ಲಿ ಸೀರೆಗೆ ಬೆಂಕಿ ಹತ್ತಿದ್ದು. ಸ್ಟೋವ್ ಸಿಡಿದರೆ ಅತ್ತೆಗೆ ಯಾಕೆ ಸಿಡಿಯುವುದಿಲ್ಲ, ಮಾವನಿಗೆ ಯಾಕೆ ಸಿಡಿಯುವುದಿಲ್ಲ, ಹೊಸದಾಗಿ ಬಂದ ಸೊಸೆಗೇ ಯಾಕೆ ಸಿಡಿಯುತ್ತದೆ ಎಂದು ಚಳವಳಿಯ ಹೆಣ್ಣುಮಕ್ಕಳು ಆಗ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಯಾರೂ ಕೊಡಲಿಲ್ಲ. ಮೈ ಮುಕ್ಕಾಲು ಸುಟ್ಟವಳು ಹಾಸಿಗೆಯ ಮೇಲೆ "ಸ್ಟೋವ್ ಸಿಡಿಯಿತು" ಎನ್ನುತ್ತಿದ್ದಳು. ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರುತ್ತಿದ್ದರು. ಬದುಕಿ ಉಳಿದರೆ ಹೋಗಬೇಕಾದ್ದು ಅದೇ ಮನೆಗೆ, ಸತ್ತರೆ ಮಕ್ಕಳು ಉಳಿಯುವುದು ಅವರ ಕೈಯಲ್ಲೇ. ಅವಳು ಇನ್ನೇನು ಹೇಳಿಯಾಳು?

ಈಗ ಸೀಮೆಎಣ್ಣೆ ಸ್ಟೋವು ನಮ್ಮ ಹಳ್ಳಿಗಳಲ್ಲೂ ಅಪರೂಪ, ಗ್ಯಾಸ್ ಬಂದಿದೆ. ಸೊಸೆ ಜಾರಿ ಬೀಳುವುದು ನಿಂತಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಂಗಸರನ್ನು ಗಂಡ ಹೊಡೆದದ್ದುಂಟೇ ಎಂದು ಕೇಳುತ್ತಾರೆ. ಕರ್ನಾಟಕದಲ್ಲಿ 2015-16ರಲ್ಲಿ ಹೌದು ಎಂದವರು ಶೇಕಡಾ 20.6. 2019-21ರಲ್ಲಿ ಅದು ಶೇಕಡಾ 44.4, ಇಡೀ ದೇಶದ ರಾಜ್ಯಗಳಲ್ಲಿ ನಾವೇ ಮುಂದು! ಹೊಡೆತ ಎರಡು ಪಟ್ಟಾಯಿತೋ ಹೇಳುವ ಧೈರ್ಯ ಎರಡು ಪಟ್ಟಾಯಿತೋ ಎಂದು ವಿದ್ವಾಂಸರು ಚರ್ಚೆ ಮಾಡಲಿ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಶೇಕಡಾ 77 ಮಂದಿ ಯಾರ ಹತ್ತಿರವೂ ಸಹಾಯ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಬಾಯಲ್ಲಿ ಯಾರಿಗೂ ಹೇಳದವಳು ಕೂಡ ಮೈ ನೋವಿಗೆ ಚೀಟಿ ಮಾಡಿಸಿರುತ್ತಾಳೆ. ಅದಕ್ಕೇ ನಾನು ಚೀಟಿಯ ಬೆನ್ನು ಬಿಡದೆ ಮಾತಾಡುತ್ತಿರುವುದು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಸಂಘದ ಪ್ರತಿಯೊಬ್ಬರೂ ತಿಳಿದಿರಬೇಕು, ಏಕೆಂದರೆ ಕ್ಯಾಷುವಾಲ್ಟಿಯಲ್ಲಿ ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ ನಿಯಮಗಳಂತೆ ಹಿಂಸೆಗೆ ಒಳಗಾದವಳು ಬಂದರೆ, ಮೊದಲೇ ದೂರು ಕೊಟ್ಟಿಲ್ಲ ಎಂಬ ನೆಪದಿಂದ ಚಿಕಿತ್ಸೆ ನಿರಾಕರಿಸುವಂತಿಲ್ಲ. ಕೌಟುಂಬಿಕ ಘಟನಾ ವರದಿ ಎಂಬ ಒಂದು ನಮೂನೆ ಇದೆ. ಅದು ಆಗಲೇ ಆಗಿರದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಭರ್ತಿ ಮಾಡಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ಪರೀಕ್ಷೆಯ ವರದಿಯ ಪ್ರತಿಯನ್ನು ಅವಳಿಗೆ ದುಡ್ಡಿಲ್ಲದೆ ಕೊಡಬೇಕು. ಚಿಕಿತ್ಸೆಗಾದ ಖರ್ಚನ್ನು ಗಂಡನಿಂದ ಕೊಡಿಸಿ ಎಂದು ಮ್ಯಾಜಿಸ್ಟ್ರೇಟರನ್ನು ಕೇಳಲು ಅದೇ ಕಾಯ್ದೆಯ 20ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಸಂಘದ ಸಾಲದ ಪುಸ್ತಕದಲ್ಲಿ "ಆಸ್ಪತ್ರೆ ಖರ್ಚು" ಎಂದು ತಾರೀಖಿನ ಸಮೇತ ಬರೆದದ್ದು ಅಲ್ಲಿ ಕೆಲಸಕ್ಕೆ ಬರುತ್ತದೆ.

ಈ ಸಂರಕ್ಷಣಾಧಿಕಾರಿ ಯಾರೋ ದೂರದವರಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಸಿ.ಡಿ.ಪಿ.ಓ.ಗಳಿಗೇ ಆ ಜವಾಬ್ದಾರಿ ಕೊಟ್ಟಿದ್ದಾರೆ, ಅಂಗನವಾಡಿ ಮತ್ತು ಸ್ತ್ರೀಶಕ್ತಿ ಗುಂಪುಗಳನ್ನು ನೋಡಿಕೊಳ್ಳುವ ಅದೇ ಅಧಿಕಾರಿಗೆ. ಆ ಕಚೇರಿಗೆ ಸುತ್ತುನಿಧಿ ವಿಷಯಕ್ಕೆ ಹತ್ತು ಸಲ ಹೋಗಿ ಬಂದವರು ನಾವು, ಈ ವಿಷಯಕ್ಕೂ ಹೋಗಲು ದಾರಿ ಗೊತ್ತಿದೆ.

ಘಟನಾ ವರದಿ ಎಂದರೆ ಪೊಲೀಸ್ ಕೇಸಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ "ಬರೆಸಿದರೆ ಅವನನ್ನು ಜೈಲಿಗೆ ಹಾಕುತ್ತಾರೆ, ಆಮೇಲೆ ನನ್ನ ಗತಿ?" ಎಂಬ ಭಯದಿಂದಲೇ ಎಷ್ಟೋ ಹೆಣ್ಣುಮಕ್ಕಳು ಬಚ್ಚಲ ಕಲ್ಲಿನ ಮೇಲೆ ತಪ್ಪು ಹೊರಿಸುತ್ತಾರೆ. ಹೊಡೆದವನ ಮೇಲೆ ಕ್ರಿಮಿನಲ್ ಕೇಸು ಹಾಕಬೇಕೇ ಬೇಡವೇ ಎಂಬುದು ಅವಳು ಯೋಚಿಸಿ ಮಾಡಬೇಕಾದ ತೀರ್ಮಾನ. ಆ ತೀರ್ಮಾನವನ್ನು ಡಾಕ್ಟರೂ ಮಾಡಬಾರದು, ಸಂಘದ ಪ್ರತಿನಿಧಿಯೂ ಮಾಡಬಾರದು. ಹೇಳಿದ್ದೆಲ್ಲ ಕೂಡಲೇ ಠಾಣೆಗೆ ಹೋಗುತ್ತದೆ ಎಂದು ಗೊತ್ತಾದರೆ ಅವಳು ಮುಂದಿನ ಸಲ ಆಸ್ಪತ್ರೆಗೂ ಬರುವುದಿಲ್ಲ. ಆದರೆ ಬರೆದಿಡುವುದಕ್ಕೆ ಏನು ಅಡ್ಡಿ? "ಗಂಡ ದೊಣ್ಣೆಯಿಂದ ಹೊಡೆದ ಎಂದು ಹೇಳುತ್ತಾಳೆ" ಎಂಬ ಒಂದು ಸಾಲು, ಗಾಯ ಎಲ್ಲಿದೆ, ಎಷ್ಟು ಉದ್ದ, ಯಾವ ಬಣ್ಣ, ತಾರೀಖು, ಸಹಿ. ಗಾಯ ದೊಡ್ಡದಾದರೆ ಎಂ.ಎಲ್.ಸಿ. ಎಂದು ರಿಜಿಸ್ಟರಿನಲ್ಲಿ ಬರೆದು ನಂಬರು ಕೊಡುತ್ತಾರೆ, ಆಗ ಠಾಣೆಗೆ ತಿಳಿಸುವುದು ಅವರ ಕ್ರಮ. ಆ ನಂಬರನ್ನು ಗುರುತು ಹಾಕಿಕೊಳ್ಳಿ. ಮೂರು ವರ್ಷದ ನಂತರ ಅವಳು ಜೀವನಾಂಶಕ್ಕೆ ಕೋರ್ಟಿಗೆ ಹೋದರೆ, "ನಾನು ಒಂದು ದಿನವೂ ಕೈ ಎತ್ತಿಲ್ಲ ಸ್ವಾಮಿ" ಎನ್ನುವವನ ಎದುರಿಗೆ ಇಡಲು ಇದು ಬೇಕಾಗುತ್ತದೆ.

ಕೆಟ್ಟ ಕಾಲ ಬಂದರೂ ಬೇಕಾಗುತ್ತದೆ. ಮದುವೆಯಾದ ಏಳು ವರ್ಷದೊಳಗೆ ಅಸಹಜವಾಗಿ ಸತ್ತರೆ ವರದಕ್ಷಿಣೆ ಸಾವು ಎಂಬ ಅಪರಾಧ 1986ರಲ್ಲಿ ಕಾನೂನಿಗೆ ಸೇರಿತು. ಆಗ ಅದು 304-ಬಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 80ನೇ ಸೆಕ್ಷನ್. ನಾವೆಲ್ಲ ಬಾಯಿಪಾಠ ಮಾಡಿದ್ದ 498-ಎ ಈಗ 85 ಮತ್ತು 86 ಆಗಿದೆ. ನಂಬರು ಬದಲಾಯಿತು, ಷರತ್ತು ಬದಲಾಗಿಲ್ಲ: ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಕೊಟ್ಟಿದ್ದರು ಎಂದು ತೋರಿಸಬೇಕು. "ಸ್ವಲ್ಪ ಮುಂಚೆ" ಎಂಬ ಆ ಎರಡು ಮಾತಿನ ಮೇಲೆ ವಕೀಲರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ತವರಿನವರು ಹೇಳಿದರೆ ಸಿಟ್ಟಿನಿಂದ ಹೇಳುತ್ತಾರೆ ಎನ್ನುತ್ತಾರೆ. ಅವಳು ಬದುಕಿದ್ದಾಗ ತಾನೇ ಹೇಳಿ ಡಾಕ್ಟರು ಬರೆದುಕೊಂಡ ಚೀಟಿಗೆ ಸಿಟ್ಟಿರುವುದಿಲ್ಲ.

ವಿಷ ಕುಡಿದವರ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳ್ಳಿಯ ಮನೆಗಳಲ್ಲಿ ಕ್ರಿಮಿನಾಶಕದ ಬಾಟಲಿ ಕೈಗೆ ಸಿಗುವಷ್ಟು ಸುಲಭವಾಗಿ ಅರಿಶಿಣ ಕುಂಕುಮವೂ ಸಿಗುವುದಿಲ್ಲ. ಒಂದು ಸಲ ಬದುಕಿಸಿ ಕಳಿಸಿದವಳು ಆರು ತಿಂಗಳಲ್ಲಿ ಮತ್ತೆ ಬಂದರೆ "ಸಾಯುವವಳಾಗಿದ್ದರೆ ಸಾಯುತ್ತಿದ್ದಳು" ಎಂದು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಪೊಲೀಸರಿಗೆ ಹೆದರಿ ಮನೆಯವರು "ಕೆಮ್ಮಿನ ಔಷಧಿ ಎಂದು ತಪ್ಪಿ ಕುಡಿದಳು" ಎಂದು ಬರೆಸುತ್ತಾರೆ. ಆ ಹೆದರಿಕೆಗೆ ಈಗ ಆಧಾರವಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಸಾಯಲು ಹೊರಟವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷೆ ಕೊಡಬಾರದು ಎಂದಿತು. ಹಳೆಯ 309ನೇ ಸೆಕ್ಷನ್ ಹೊಸ ಸಂಹಿತೆಯಲ್ಲಿ ಇಲ್ಲ. ಹಾಗಾಗಿ "ತಪ್ಪಿ ಕುಡಿದಳು" ಎಂದು ಬರೆಸುವುದರಿಂದ ಅವಳಿಗೇನೂ ರಕ್ಷಣೆ ಇಲ್ಲ. ಯಾಕೆ ಕುಡಿದಳು ಎಂಬ ಪ್ರಶ್ನೆಯಿಂದ ಮನೆಯವರಿಗೆ ರಕ್ಷಣೆ.

ಆಸ್ಪತ್ರೆಯೊಳಗೇ ಇದನ್ನೆಲ್ಲ ಮಾಡಲು ಸಾಧ್ಯವೇ ಎಂದರೆ, ಮಾಡಿದವರಿದ್ದಾರೆ. ಮುಂಬಯಿಯ ಬಾಂದ್ರಾದಲ್ಲಿರುವ ಭಾಭಾ ಆಸ್ಪತ್ರೆ ಮಹಾನಗರಪಾಲಿಕೆಯದು, ಅಂದರೆ ಬಡವರು ಹೋಗುವ ಆಸ್ಪತ್ರೆ. 2001ರಲ್ಲಿ ಸೇಹತ್ ಎಂಬ ಸಂಸ್ಥೆಯ ಜೊತೆ ಸೇರಿ ಅಲ್ಲಿ ದಿಲಾಸಾ ಎಂಬ ಕೇಂದ್ರ ತೆರೆದರು. ನರ್ಸಮ್ಮನವರಿಗೆ, ಡಾಕ್ಟರುಗಳಿಗೆ ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ಕಲಿಸಿದರು. ಅನುಮಾನ ಬಂದರೆ ಅವಳನ್ನು ಅದೇ ಕಟ್ಟಡದ ಇನ್ನೊಂದು ಕೋಣೆಗೆ ಕಳಿಸುತ್ತಾರೆ. ಅಲ್ಲಿ ಮಾತಾಡಲು ಒಬ್ಬ ಹೆಣ್ಣುಮಗಳಿರುತ್ತಾಳೆ. ಆಮೇಲೆ ಮುಂಬಯಿಯ ಇನ್ನಷ್ಟು ಆಸ್ಪತ್ರೆಗಳಿಗೆ ಇದು ಹಬ್ಬಿತು. ನಮಗೆ 2015ರಿಂದ ಶುರುವಾದ ಸಖಿ ಕೇಂದ್ರಗಳಿವೆ, ಆದರೆ ಜಿಲ್ಲೆಗೊಂದರಂತೆ. ಯಗಟಿಯವಳು ಮೊದಲು ಕಡೂರು ಮುಟ್ಟಬೇಕು, ಅಲ್ಲಿಂದ ಚಿಕ್ಕಮಗಳೂರು ಇನ್ನೂ ಸುಮಾರು 40 ಕಿ.ಮೀ. ಒಡೆದ ತಲೆ ಇಟ್ಟುಕೊಂಡು, ಕಂಕುಳಲ್ಲಿ ಮಗು ಇಟ್ಟುಕೊಂಡು? ಒಂದು ಕೋಣೆ, ಎರಡು ಕುರ್ಚಿ, ಕಲಿತ ಒಬ್ಬ ನರ್ಸು, ಇಷ್ಟನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಕೇಳುವುದು ಅತಿಯಾಸೆಯಲ್ಲ. ಗ್ರಾಮಸಭೆಯಲ್ಲಿ ಚರಂಡಿ, ಬೀದಿ ದೀಪದ ಜೊತೆ ಇದನ್ನೂ ಬರೆಸಬೇಕು. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆಯೂ ಇಡಬೇಕು.

ಅಲ್ಲಿಯವರೆಗೆ ಆ ಎರಡನೆಯ ಕುರ್ಚಿಯಲ್ಲಿ ಕೂರುವವರು ನಾವೇ. ಅವಳ ಜೊತೆ ಹೋಗುವಾಗ ನೆನಪಿಡಬೇಕಾದ ಮೊದಲನೆಯ ವಿಷಯ, ಗಂಡ ಎದುರಿಗಿರುವಾಗ ಯಾವ ಹೆಣ್ಣೂ ನಿಜ ಹೇಳುವುದಿಲ್ಲ. ಅವನನ್ನು ಹೊರಗೆ ಕಳಿಸಲು ಜಗಳ ಬೇಡ. ಕಾಫಿ ತರಲು ಕಳಿಸಿ, ಚೀಟಿ ಮಾಡಿಸಲು ಕಳಿಸಿ, ಎಕ್ಸ್‌ರೇ ದುಡ್ಡು ಕಟ್ಟಲು ಕಳಿಸಿ. ಒಳ್ಳೆಯ ನರ್ಸಮ್ಮನಿದ್ದರೆ "ಹೆಂಗಸರ ಪರೀಕ್ಷೆ, ಗಂಡಸರು ಹೊರಗೆ" ಎಂದು ಅವರೇ ಹೇಳುತ್ತಾರೆ. ಅಂಥ ನರ್ಸಮ್ಮನವರು ಇದ್ದಾರೆ, ಅವರ ಹೆಸರನ್ನು ಎಲ್ಲ ಸಂಘಗಳೂ ತಿಳಿದಿರುವುದು ಒಳ್ಳೆಯದು. ಚೀಟಿಗಳನ್ನು ಅವಳ ಮನೆಯಲ್ಲಿ ಇಡಬೇಡಿ. ಒಲೆಗೆ ಹೋಗುತ್ತವೆ. ಸಂಘದ ಪೆಟ್ಟಿಗೆಗೆ ಮೂರು ಬೀಗದ ಕೈ ಇರುತ್ತವಲ್ಲ, ಅದರಲ್ಲಿ ಒಂದು ಕವರು ಹಾಕಿಡಿ, ಮೇಲೆ ಹೆಸರು ಬೇಡ. ರಾತ್ರಿ ಬಸ್ಸಿಲ್ಲದ ಹೊತ್ತಿಗೆ 108 ಇದೆ, ಮಹಿಳಾ ಸಹಾಯವಾಣಿ 181 ಇದೆ, ಪೊಲೀಸ್ ಬೇಕೆನಿಸಿದರೆ 112. ವಕೀಲರ ಫೀಸಿಗೆ ಹೆದರಬೇಡಿ, 1987ರ ಕಾನೂನಿನಂತೆ ಯಾವುದೇ ಹೆಣ್ಣಿಗೆ, ಅವಳ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಫೋನು 15100.

ಸಂಘಗಳಲ್ಲಿ ಒಂದು ಅಭ್ಯಾಸ ಬೆಳೆಯುತ್ತಿದೆ, ಅದು ನನಗೆ ಸರಿ ಕಾಣುವುದಿಲ್ಲ. ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಗಂಡನನ್ನು ಕರೆಸಿ, ನಾಲ್ಕು ಬುದ್ಧಿ ಹೇಳಿ, ಅವನಿಂದ ಮುಚ್ಚಳಿಕೆ ಬರೆಸಿಕೊಂಡು, ಇಬ್ಬರಿಗೂ ಕಾಫಿ ಕುಡಿಸಿ ಕಳಿಸುವುದು. ಮುಚ್ಚಳಿಕೆಗೆ ಹೆದರುವ ಗಂಡಸು ಮೊದಲೇ ಹೊಡೆಯುತ್ತಿರಲಿಲ್ಲ. "ಹೊಂದಿಕೊಂಡು ಹೋಗಮ್ಮ" ಎಂದು ಹೇಳಲು ಅವಳಿಗೆ ತವರಿದೆ, ಮಠವಿದೆ, ಊರ ಹಿರಿಯರಿದ್ದಾರೆ. ಆ ಕೆಲಸಕ್ಕೆ ಹೆಂಗಸರ ಸಂಘ ಬೇಕಿಲ್ಲ.

ಕೊನೆಗೆ ಒಂದು ಸಣ್ಣ ವಿಷಯ. "ನನ್ನ ಇಚ್ಛೆಯಿಂದಲೇ ಹೋಗುತ್ತಿದ್ದೇನೆ" ಎಂದು ಹೆಬ್ಬೆಟ್ಟೊತ್ತಿ, ಡ್ರಿಪ್ ಕಿತ್ತುಕೊಂಡು ನಡುರಾತ್ರಿ ಮನೆಗೆ ವಾಪಸಾಗುವ ಹೆಣ್ಣುಮಕ್ಕಳನ್ನು ಕಂಡು ಡಾಕ್ಟರುಗಳು, "ನೋಡಿ, ಇವರಿಗೇ ಬೇಡ" ಎನ್ನುತ್ತಾರೆ. ಯಾಕಮ್ಮ ಹೊರಟೆ ಎಂದು ಕೇಳಿದರೆ ಅವಳು ಗಂಡನ ಹೆಸರೇ ಎತ್ತುವುದಿಲ್ಲ. ಮಕ್ಕಳು ಊಟ ಮಾಡಿಲ್ಲ, ಬೆಳಗ್ಗೆ ಎಮ್ಮೆ ಕರೆಯಬೇಕು, ಡೈರಿಗೆ ಹಾಲು ಹಾಕದಿದ್ದರೆ ಈ ವಾರದ ಕಂತು ಇಲ್ಲ ಎನ್ನುತ್ತಾಳೆ. ಹತ್ತು ಹದಿನೈದು ಜನರ ಗುಂಪಿನಲ್ಲಿ ಎರಡು ರಾತ್ರಿ ಇಬ್ಬರು ಮಕ್ಕಳಿಗೆ ಮುದ್ದೆ ಸಾರು ಹಾಕುವವರು ಯಾರು, ಎಮ್ಮೆಯ ಕೆಳಗೆ ಕೂರುವವರು ಯಾರು, ಆ ವಾರದ ಕಂತನ್ನು ಮುಂದಕ್ಕೆ ಹಾಕಲು ಎಲ್ಲರೂ ಒಪ್ಪುತ್ತೀರಾ ಎಂಬುದನ್ನು ಬರುವ ವಾರದ ಸಭೆಯಲ್ಲಿ, ಯಾರಿಗೂ ಏನೂ ಆಗಿಲ್ಲದ ದಿನದಲ್ಲೇ, ಮಾತಾಡಿ ನಡವಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.